ಆಸ್ಪತ್ರೆಯ ಬಿಲ್ಲಿನ ಆಚೆಗೆ: ಇಳಿವಯಸ್ಸಿನ ಸ್ನಾಯು ಮತ್ತು ನಮ್ಮ ನೆರವು ನಿಧಿ

ವೈದ್ಯಕೀಯ ನೆರವು ನಿಧಿಯ ಸಲುವಾಗಿ ಮೊದಲು ಕೊಚ್ಚಿಯಲ್ಲಿ, ಬಳಿಕ ತಿರುವನಂತಪುರದಲ್ಲಿ ನಡೆದ ಸದಸ್ಯರ ಸಭೆಗಳಲ್ಲಿ ಮಾಡಿದ ಭಾಷಣದ ಪಠ್ಯ. ಸಭೆಗೆ ಬರಲಾಗದ ಸದಸ್ಯರ ಹಾಗೂ ದಾನಿಗಳ ಕೋರಿಕೆಯಂತೆ ಇಲ್ಲಿ ಅಚ್ಚು ಮಾಡಲಾಗಿದೆ.



ನಾನು ವೈದ್ಯನಲ್ಲ. ಓದಿದ್ದು ಬಿ.ಕಾಂ., ದುಡಿದದ್ದು ಬ್ಯಾಂಕಿನಲ್ಲಿ. ನಿವೃತ್ತಿಯ ನಂತರ ಸಂಘದವರು ವೈದ್ಯಕೀಯ ನೆರವಿನ ಅರ್ಜಿಗಳನ್ನು ಪರಿಶೀಲಿಸುವ ಕೆಲಸ ಒಪ್ಪಿಸಿದರು. ಸಾಲದ ಅರ್ಜಿ ನೋಡಿ ಅಭ್ಯಾಸವಿದ್ದವನಿಗೆ ಈ ಅರ್ಜಿಗಳನ್ನು ನೋಡುವುದು ಬೇರೆಯೇ ಅನುಭವ. ಅಲ್ಲಿ ಹಣ ವಾಪಸು ಬರುತ್ತದೆಯೇ ಎಂದು ನೋಡುತ್ತಿದ್ದೆವು. ಇಲ್ಲಿ ಮನುಷ್ಯ ವಾಪಸು ಬರುತ್ತಾನೆಯೇ ಎಂದು ನೋಡಬೇಕು. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಓದಿದ್ದನ್ನು, ವೈದ್ಯ ಮಿತ್ರರನ್ನು ಕೇಳಿ ತಿಳಿದುಕೊಂಡದ್ದನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ. ನಿಮ್ಮ ನಿಮ್ಮ ಚಿಕಿತ್ಸೆಗೆ ನಿಮ್ಮ ವೈದ್ಯರ ಮಾತೇ ಅಂತಿಮ, ನನ್ನದಲ್ಲ.

ಏಕೆ ಈ ವಿಷಯ?

ನಮಗೆ ಬರುವ ಅರ್ಜಿಗಳಲ್ಲಿ ಹೆಚ್ಚಿನವು ಅರವತ್ತು ದಾಟಿದವರದು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದವರು, ಮೊಣಕಾಲಿನ ಶಸ್ತ್ರಚಿಕಿತ್ಸೆಯವರು, ನ್ಯುಮೋನಿಯಾ ಬಂದು ವಾರಗಟ್ಟಲೆ ಐಸಿಯುನಲ್ಲಿದ್ದವರು, ಪಾರ್ಶ್ವವಾಯು ಬಡಿದವರು. ಕಾಯಿಲೆಗಳು ಬೇರೆಬೇರೆ. ಆದರೆ ಎಲ್ಲ ಕಡತಗಳೂ ಒಂದೇ ಕಾಗದದೊಂದಿಗೆ ಮುಗಿಯುತ್ತವೆ: ಡಿಸ್ಚಾರ್ಜ್ ಸಮ್ಮರಿ. ನಮ್ಮ ನಿಯಮದ ಪ್ರಕಾರ ನೆರವು ಸಿಗುವುದು ಆಸ್ಪತ್ರೆಯ ಬಿಲ್ಲಿಗೆ. ಬಿಲ್ಲು ಸಂದಾಯವಾದರೆ ಕಡತ ಮುಚ್ಚಿತು.

ರೋಗಿಯ ಮನೆಯಲ್ಲಿ ನಿಜವಾದ ಲೆಕ್ಕ ಶುರುವಾಗುವುದು ಅಂದಿನಿಂದ. ಮೂಳೆ ಕೂಡಿದೆ, ಹೊಲಿಗೆ ಬಿಚ್ಚಿದೆ, ಆದರೂ ಎದ್ದು ನಿಲ್ಲಲಾಗುವುದಿಲ್ಲ. ಏಕೆ? ಸ್ನಾಯು ಕರಗಿ ಹೋಗಿದೆ. ಇಪ್ಪತ್ತರ ಹುಡುಗನಿಗೂ ಕಾಲು ಮುರಿದು ಪ್ಲಾಸ್ಟರ್ ಹಾಕಿದರೆ ಕಾಲು ಸಣ್ಣಗಾಗುತ್ತದೆ, ಆದರೆ ಎರಡು ಮೂರು ತಿಂಗಳಲ್ಲಿ ಫುಟ್‌ಬಾಲ್ ಆಡುತ್ತಾನೆ. ಎಪ್ಪತ್ತೈದರ ಅಜ್ಜಿಗೆ ಅದೇ ಏಕೆ ಆಗುವುದಿಲ್ಲ? ಇದೇ ಇಂದಿನ ಪ್ರಶ್ನೆ.

ಇದು ನಾವಿರುವ ಊರಿನ ಪ್ರಶ್ನೆಯೂ ಹೌದು. 2011ರ ಜನಗಣತಿಯಲ್ಲಿ ದೇಶದಲ್ಲಿ ಅರವತ್ತು ದಾಟಿದವರು ನೂರಕ್ಕೆ ಸುಮಾರು 8.6 ಇದ್ದರೆ ಕೇರಳದಲ್ಲಿ 12.6 ಇದ್ದರು. ಅಂದಿನಿಂದ ಈ ಪಾಲು ಏರುತ್ತಲೇ ಇದೆ. ಉಡುಪಿ ಹೋಟೆಲುಗಳಿಗೆ ಬಂದವರು, ಬ್ಯಾಂಕಿನ ವರ್ಗಾವಣೆಯಲ್ಲಿ ಬಂದು ಇಲ್ಲೇ ಮನೆ ಕಟ್ಟಿದವರು, ಕಾಸರಗೋಡಿನಿಂದ ತೆಂಕಣಕ್ಕೆ ಇಳಿದವರು, ನಮ್ಮ ಸದಸ್ಯರೂ ಈ ಲೆಕ್ಕದಲ್ಲಿ ಸೇರಿದ್ದಾರೆ. ಇತ್ತೀಚೆಗೆ ಇನ್ನೊಂದು ಗುಂಪು ಸೇರಿದೆ. ಕಾಕ್ಕನಾಡಿನ ಇನ್ಫೋಪಾರ್ಕಿನಲ್ಲಿ, ತಿರುವನಂತಪುರದ ಟೆಕ್ನೋಪಾರ್ಕಿನಲ್ಲಿ ಕೆಲಸಕ್ಕಿರುವ ಮಕ್ಕಳ ಜೊತೆ ಇರಲು ದಾವಣಗೆರೆಯಿಂದ, ಹಾಸನದಿಂದ ಬಂದ ತಂದೆ ತಾಯಂದಿರು. ಅವರ ಮಾತನ್ನು ಮುಂದೆ ಮತ್ತೆ ಎತ್ತುತ್ತೇನೆ.

ಸ್ನಾಯುವಿನ ಮೀಸಲು ನಿಧಿ

ನಮ್ಮ ದೇಹದ ತೂಕದಲ್ಲಿ ಸುಮಾರು ನೂರಕ್ಕೆ ನಲವತ್ತು ಪಾಲು ಸ್ನಾಯು. ಅದು ಉದ್ದನೆಯ ಎಳೆಗಳ ಕಟ್ಟು, ತೆಂಗಿನ ನಾರಿನ ಹಗ್ಗದಂತೆ. ಸಾಮಾನ್ಯ ಜೀವಕೋಶಕ್ಕೆ ಒಂದು ಕೋಶಕೇಂದ್ರವಾದರೆ ಸ್ನಾಯುವಿನ ಒಂದೊಂದು ಎಳೆಗೂ ನೂರಾರು ಕೋಶಕೇಂದ್ರಗಳು. ವಿಚಿತ್ರವೆಂದರೆ ಈ ಎಳೆ ತಾನಾಗಿ ಒಡೆದು ಎರಡಾಗಲಾರದು. ಚರ್ಮ ಹರಿದರೆ ಪಕ್ಕದ ಕೋಶಗಳು ವಿಭಜನೆಯಾಗಿ ತುಂಬಿಕೊಳ್ಳುತ್ತವೆ. ಸ್ನಾಯುವಿನ ಎಳೆಗೆ ಆ ಶಕ್ತಿಯಿಲ್ಲ. ಹಾಗಾದರೆ ಪೆಟ್ಟಾದ ಸ್ನಾಯು ಕೂಡುವುದು ಹೇಗೆ?

ಉತ್ತರದ ಮೊದಲ ಸುಳಿವು ಸಿಕ್ಕಿದ್ದು 1961ರಲ್ಲಿ. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಅಲೆಕ್ಸಾಂಡರ್ ಮೌರೋ ಎಂಬ ವಿಜ್ಞಾನಿ ಕಪ್ಪೆಯ ಕಾಲಿನ ಸ್ನಾಯುವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ, ಎಳೆಯ ಮೈಗೂ ಅದರ ಹೊರ ಹೊದಿಕೆಗೂ ನಡುವೆ ಸಣ್ಣ ಕೋಶಗಳು ಅಂಟಿಕೊಂಡು ಕುಳಿತಿರುವುದನ್ನು ಕಂಡರು. ದೊಡ್ಡ ಎಳೆಯ ಪಕ್ಕದಲ್ಲಿ ಇರುವುದರಿಂದ ಅವಕ್ಕೆ ಸ್ಯಾಟಲೈಟ್ ಸೆಲ್, ಅಂದರೆ ಉಪಗ್ರಹ ಕೋಶ ಎಂದು ಹೆಸರಿಟ್ಟರು. ಸ್ನಾಯುವಿನ ರಿಪೇರಿಗೂ ಇವಕ್ಕೂ ಸಂಬಂಧವಿರಬಹುದು ಎಂದು ಅಂದೇ ಊಹಿಸಿದರು. ಊಹೆ ನಿಜವಾಯಿತು. ಇವೇ ಸ್ನಾಯುವಿನ ಕಾಂಡಕೋಶಗಳು.

ವಯಸ್ಕರಲ್ಲಿ, ಎಳೆಯ ಮೇಲೆ ಎಣಿಸಿದ ಕೋಶಕೇಂದ್ರಗಳಲ್ಲಿ ನೂರಕ್ಕೆ ಎರಡರಿಂದ ಏಳರಷ್ಟು ಮಾತ್ರ ಇಂಥವು. ಸಾಮಾನ್ಯ ದಿನಗಳಲ್ಲಿ ಅವು ನಿದ್ರೆಯಲ್ಲಿರುತ್ತವೆ. ಪೆಟ್ಟು ಬಿದ್ದರೆ ಎಚ್ಚರಗೊಳ್ಳುತ್ತವೆ. ಮೊದಲು ರಕ್ತದ ಬಿಳಿ ಕಣಗಳು ಬಂದು ಸತ್ತ ಚೂರುಗಳನ್ನು ಗುಡಿಸುತ್ತವೆ. ಆಮೇಲೆ ಕಾಂಡಕೋಶಗಳು ಒಡೆದು ಹೆಚ್ಚುತ್ತವೆ. ಹೆಚ್ಚಿದವುಗಳಲ್ಲಿ ಬಹುಪಾಲು ಒಂದರೊಡನೊಂದು ಬೆರೆತು ಹೊಸ ಎಳೆಯಾಗುತ್ತವೆ, ಇಲ್ಲವೇ ಹಳೆಯ ಎಳೆಗೆ ಸೇರಿಹೋಗುತ್ತವೆ. ನಮ್ಮ ಬ್ಯಾಂಕುಗಳ ಹಾಗೆಯೇ. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್, 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ವಿಲೀನವಾದ ಮೇಲೆ ಬೋರ್ಡು ಒಂದೇ, ಹಳೆಯ ಹೆಸರು ಇಲ್ಲ. ಸ್ನಾಯುವಿನಲ್ಲೂ ಬೆರೆತ ಕೋಶಕ್ಕೆ ಪ್ರತ್ಯೇಕ ಅಸ್ತಿತ್ವ ಉಳಿಯುವುದಿಲ್ಲ.

ಆದರೆ ಎಲ್ಲವೂ ವಿಲೀನವಾದರೆ ಮುಂದಿನ ಪೆಟ್ಟಿಗೆ ಯಾರು? ಅದಕ್ಕೂ ವ್ಯವಸ್ಥೆಯಿದೆ. ಕೆಲವು ಕೋಶಗಳು ಎಳೆಯಾಗದೆ ಮತ್ತೆ ತಮ್ಮ ಜಾಗಕ್ಕೆ ಹೋಗಿ ಮಲಗುತ್ತವೆ. ಇದು ಮೀಸಲು ನಿಧಿ. ಖರ್ಚು ಮಾಡಿದ ಮೇಲೆ ಒಂದು ಭಾಗವನ್ನು ಮತ್ತೆ ನಿಧಿಗೆ ಹಾಕುವ ಶಿಸ್ತು ಎಳೆಯ ದೇಹಕ್ಕೆ ಹುಟ್ಟಿನಿಂದಲೇ ಇದೆ.

ಈ ನಿದ್ರೆ ಎನ್ನುವುದು ಸುಮ್ಮನೆ ಬಿದ್ದಿರುವುದಲ್ಲ, ಅದು ಕೋಶವೇ ಕಾಪಾಡಿಕೊಂಡು ಬರುವ ಸ್ಥಿತಿ. ಇದನ್ನು ಬಹಳ ವರ್ಷಗಳಿಂದ ಅಭ್ಯಾಸ ಮಾಡಿದವರಲ್ಲಿ ನಮ್ಮ ದೇಶದ ಡಾ. ಜ್ಯೋತ್ಸ್ನಾ ಧವನ್ ಪ್ರಮುಖರು. ಹೈದರಾಬಾದಿನ ಸಿಸಿಎಂಬಿ ಮತ್ತು ಬೆಂಗಳೂರಿನ ಇನ್‌ಸ್ಟೆಮ್ ಎರಡರಲ್ಲೂ ಕೆಲಸ ಮಾಡಿದವರು. ಬೆಂಗಳೂರಿನದೇ ಇನ್ನೊಂದು ಸಂಗತಿ ನಮಗೆಲ್ಲ ಹೆಮ್ಮೆ ತರುವಂಥದ್ದು. ಹಣ್ಣಿನ ಮೇಲೆ ಹಾರುವ ಸಣ್ಣ ನೊಣ ನಿಮಗೆ ಗೊತ್ತು. ಬೆಳೆದ ನೊಣದ ಸ್ನಾಯುವಿನಲ್ಲಿ ಇಂಥ ಕಾಂಡಕೋಶ ಇಲ್ಲವೆಂದೇ ತಿಳಿಯಲಾಗಿತ್ತು. ಎನ್‌ಸಿಬಿಎಸ್ ಸಂಸ್ಥೆಯಲ್ಲಿ ಪ್ರೊ. ಕೆ. ವಿಜಯರಾಘವನ್ ಅವರ ತಂಡ ಅದರ ರೆಕ್ಕೆಯ ಸ್ನಾಯುವಿನಲ್ಲಿ ಉಪಗ್ರಹ ಕೋಶಗಳಿವೆ, ಪೆಟ್ಟಾದರೆ ಅವು ಎದ್ದು ಕೆಲಸ ಮಾಡುತ್ತವೆ ಎಂದು 2017ರಲ್ಲಿ ತೋರಿಸಿತು. ನೊಣದ ಆಯುಸ್ಸು ಕೆಲವೇ ವಾರ. ಆದ್ದರಿಂದ ವಯಸ್ಸಾಗುವುದನ್ನು ಆರಂಭದಿಂದ ಕೊನೆಯವರೆಗೆ ಬೇಗ ಅಭ್ಯಾಸ ಮಾಡಬಹುದು.

ವಯಸ್ಸಾದಾಗ ಏನಾಗುತ್ತದೆ?

ಮೊದಲನೆಯದು, ನಿಧಿ ಕರಗುತ್ತದೆ. ಕಾಂಡಕೋಶಗಳ ಸಂಖ್ಯೆ ಇಳಿಯುತ್ತದೆ. ಸ್ನಾಯುವಿನಲ್ಲಿ ಎರಡು ಬಗೆಯ ಎಳೆಗಳಿವೆ. ನಿಧಾನವಾಗಿ ಬಹಳ ಹೊತ್ತು ದುಡಿಯುವವು, ಥಟ್ಟನೆ ಜೋರಾಗಿ ಎಳೆಯುವವು. ಎರಡನೆಯ ಬಗೆಯಲ್ಲಿ ನಷ್ಟ ಹೆಚ್ಚು. ಕಾಲು ಜಾರಿದಾಗ ಥಟ್ಟನೆ ಸಾವರಿಸಿಕೊಳ್ಳಲು ಬೇಕಾದದ್ದು ಇದೇ ಎಳೆ. ಮೆಲ್ಲಗೆ ಒಂದು ಮೈಲಿ ನಡೆಯುವ ಹಿರಿಯರು ಬಚ್ಚಲಲ್ಲಿ ಜಾರಿದಾಗ ತಡೆದುಕೊಳ್ಳಲಾರದೆ ಬೀಳುವುದಕ್ಕೆ ಇದೂ ಒಂದು ಕಾರಣ.

ಎರಡನೆಯದು, ಉಳಿದ ಕೋಶಗಳು ಎಚ್ಚರಗೊಳ್ಳುವುದು ತಡವಾಗುತ್ತದೆ. ನೆರೆಯ ಎಳೆಯಿಂದ ಬರಬೇಕಾದ ಕರೆ ಕ್ಷೀಣವಾಗುತ್ತದೆ. ಮೂರನೆಯದು, ಸುತ್ತಲಿನ ವಾತಾವರಣ ಕೆಡುತ್ತದೆ. ಸಣ್ಣ ಉರಿಯೂತ ಸದಾ ಹೊಗೆಯಾಡುತ್ತಿರುತ್ತದೆ, ಎಳೆಗಳ ನಡುವೆ ಕೊಬ್ಬು ಮತ್ತು ಗಡುಸಾದ ನಾರು ತುಂಬುತ್ತದೆ. ಸ್ನಾಯು ಬರಬೇಕಾದ ಜಾಗದಲ್ಲಿ ಗಾಯದ ಕಲೆ ಬರುತ್ತದೆ.

ಹಾಗಾದರೆ ತಪ್ಪು ಕೋಶದ್ದೋ, ವಾತಾವರಣದ್ದೋ? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಐರಿನಾ ಕಾನ್‌ಬಾಯ್, ಥಾಮಸ್ ರ್‍ಯಾಂಡೊ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದರು. ಎಳೆಯ ಇಲಿ ಮತ್ತು ಮುದಿ ಇಲಿಯ ರಕ್ತಸಂಚಾರವನ್ನು ಜೋಡಿಸಿದರು. ಎಳೆಯ ರಕ್ತ ಹರಿದಾಗ ಮುದಿ ಇಲಿಯ ಕಾಂಡಕೋಶಗಳು ಮತ್ತೆ ಚುರುಕಾದವು, ಗಾಯ ಚೆನ್ನಾಗಿ ಕೂಡಿತು. 2005ರಲ್ಲಿ ಪ್ರಕಟವಾದ ಈ ಫಲಿತಾಂಶ ಜಗತ್ತಿನಲ್ಲೆಲ್ಲ ಸುದ್ದಿಯಾಯಿತು. ಅಂದರೆ ಮುದಿ ಕೋಶ ಸತ್ತಿಲ್ಲ, ಸುತ್ತಲಿನ ಸ್ಥಿತಿ ಅದನ್ನು ಅದುಮಿಟ್ಟಿದೆ.

ಆದರೆ ಅದಕ್ಕೂ ಒಂದು ಮಿತಿಯಿದೆ. 2014ರಲ್ಲಿ ಬಾರ್ಸಿಲೋನಾದ ಪುರಾ ಮುನ್ಯೋಸ್ ಕಾನೋವೆಸ್ ಅವರ ತಂಡ ಬಹಳ ಮುದಿಯಾದ ಇಲಿಗಳನ್ನು ಅಭ್ಯಾಸ ಮಾಡಿತು. ಆ ವಯಸ್ಸಿನಲ್ಲಿ ಅನೇಕ ಕೋಶಗಳು ನಿದ್ರೆಯಿಂದ ಎಂದೂ ಏಳಲಾಗದ ಸ್ಥಿತಿಗೆ ಜಾರಿರುತ್ತವೆ. ಬ್ಯಾಂಕಿನ ಭಾಷೆಯಲ್ಲಿ, ಬಹುಕಾಲ ಖಾತೆ ಸುಪ್ತವಾಗಿದ್ದರೂ ಅರ್ಜಿ ಕೊಟ್ಟರೆ ಮತ್ತೆ ಚಾಲ್ತಿಗೆ ಬರುತ್ತದೆ. ಮುಚ್ಚಿದ ಖಾತೆ ಬರುವುದಿಲ್ಲ. ಅರವತ್ತು ಎಪ್ಪತ್ತರಲ್ಲಿ ಆರೈಕೆ ಮಾಡದೆ ತೊಂಬತ್ತರಲ್ಲಿ ಅವಸರಪಟ್ಟರೆ ಕಷ್ಟ ಎಂಬುದು ಇದರಿಂದ ನಾನು ತೆಗೆದುಕೊಂಡ ಪಾಠ.

ಇಲ್ಲಿ ಒಂದು ವಿಷಯ ಸ್ಪಷ್ಟ ಮಾಡಬೇಕು. ವಯಸ್ಸಾದಂತೆ ಎಲ್ಲರ ಸ್ನಾಯುವೂ ತೆಳುವಾಗುತ್ತದೆ. ಮೂವತ್ತರ ನಂತರ ಹತ್ತು ವರ್ಷಕ್ಕೆ ನೂರಕ್ಕೆ ಮೂರರಿಂದ ಎಂಟು ಪಾಲು ಕಡಿಮೆಯಾಗುತ್ತದೆ, ಅರವತ್ತರ ಮೇಲೆ ಇನ್ನೂ ವೇಗವಾಗಿ. ಇದು ಮಿತಿಮೀರಿದರೆ ಸಾರ್ಕೋಪೀನಿಯ ಎನ್ನುತ್ತಾರೆ. ಇರ್ವಿನ್ ರೋಸೆನ್‌ಬರ್ಗ್ ಎಂಬ ಅಮೆರಿಕದ ತಜ್ಞರು 1980ರ ದಶಕದ ಕೊನೆಗೆ ಕೊಟ್ಟ ಹೆಸರು. ಇದಕ್ಕೆ ಕಾಂಡಕೋಶ ಕಡಿಮೆಯಾಗಿದ್ದೇ ಕಾರಣ ಎಂದು ಅನೇಕರು ತಿಳಿದಿದ್ದರು. ಆದರೆ 2015ರಲ್ಲಿ ಕೆಂಟಕಿಯ ಸಂಶೋಧಕರು ಬೆಳೆದ ಇಲಿಗಳಲ್ಲಿ ಕಾಂಡಕೋಶಗಳನ್ನು ಬಹುಪಾಲು ತೆಗೆದುಹಾಕಿ ನೋಡಿದರು. ಮುಪ್ಪಿನ ಸವಕಳಿ ಅದರಿಂದ ಹೆಚ್ಚಾಗಲಿಲ್ಲ. ಆದರೆ ಪೆಟ್ಟಾದಾಗ ಸ್ನಾಯು ಕೂಡಲಿಲ್ಲ.

ಹಾಗಾಗಿ ಎರಡು ಖಾತೆಗಳನ್ನು ಬೇರೆಯಾಗಿ ಇಡಬೇಕು. ದಿನನಿತ್ಯದ ಸವಕಳಿ ಒಂದು ಖಾತೆ. ಅದು ನರ, ಆಹಾರ, ಹಾರ್ಮೋನು, ಓಡಾಟ ಇವುಗಳ ಮೇಲೆ ನಿಂತಿದೆ. ಪೆಟ್ಟಿನ ನಂತರದ ರಿಪೇರಿ ಇನ್ನೊಂದು ಖಾತೆ. ಅದು ಕಾಂಡಕೋಶಗಳ ಮೇಲೆ ನಿಂತಿದೆ. ಬಿದ್ದು ಆಸ್ಪತ್ರೆ ಸೇರಿದ ಹಿರಿಯರಿಗೆ ಎರಡೂ ಖಾತೆಗಳಲ್ಲಿ ಒಮ್ಮೆಗೇ ನಷ್ಟ. ಪೆಟ್ಟು ಮತ್ತು ಶಸ್ತ್ರಚಿಕಿತ್ಸೆಯಿಂದ ಸ್ನಾಯು ಹರಿದಿದೆ, ಜೊತೆಗೆ ಹಾಸಿಗೆಯಿಂದ ಸವಕಳಿ.

ಹಾಸಿಗೆ ಎಷ್ಟು ದುಬಾರಿ ಗೊತ್ತೇ? ಅಮೆರಿಕದಲ್ಲಿ ಆರೋಗ್ಯವಂತ ಹಿರಿಯರು ಹನ್ನೆರಡು ಮಂದಿ, ಸರಾಸರಿ 67 ವರ್ಷ, ಪರೀಕ್ಷೆಗಾಗಿ ಹತ್ತು ದಿನ ಸುಮ್ಮನೆ ಮಲಗಿದರು. ಕಾಯಿಲೆ ಏನೂ ಇಲ್ಲ. ಹತ್ತೇ ದಿನದಲ್ಲಿ ಕಾಲುಗಳ ಸ್ನಾಯುವಿನ ಅಂಶ ಸುಮಾರು ಒಂದು ಕಿಲೋ ಇಳಿದಿತ್ತು. 2007ರಲ್ಲಿ ಪ್ರಕಟವಾದ ಲೆಕ್ಕ ಇದು. ಹಬ್ಬಕ್ಕೆ ಊರಿಗೆ ಹೋಗಿ ಬರುವಷ್ಟು ದಿನ. ನಮ್ಮ ಮನೆಗಳಲ್ಲಿ ಪ್ರೀತಿಯಿಂದ ಹೇಳುತ್ತೇವೆ, ಏಳಬೇಡಿ, ಆರಾಮವಾಗಿ ಮಲಗಿರಿ, ಎಲ್ಲ ನಾವು ತಂದುಕೊಡುತ್ತೇವೆ ಎಂದು. ವೈದ್ಯರು ಏಳಬಹುದು ಎಂದ ಮೇಲೂ ಹಾಗೆ ಮಲಗಿಸಿದರೆ ಆ ಪ್ರೀತಿಯೇ ಕಾಲನ್ನು ಕಸಿಯುತ್ತದೆ.

ಇಂಜೆಕ್ಷನ್ ಹಾಕಿಸಿದರೆ ಆಗದೇ?

ಕಾಂಡಕೋಶ ಎಂಬ ಮಾತು ಎತ್ತಿದ ಕೂಡಲೇ ಕೆಲವರು ಕೇಳುತ್ತಾರೆ, ಸ್ಟೆಮ್ ಸೆಲ್ ಇಂಜೆಕ್ಷನ್ ಇದೆಯಂತಲ್ಲ, ಲಕ್ಷಗಟ್ಟಲೆ ಆದರೂ ಸರಿ, ಸಂಘ ಸಹಾಯ ಮಾಡಬಹುದೇ ಎಂದು. ನೆಂಟರು ವಾಟ್ಸಾಪಿನಲ್ಲಿ ಕಳಿಸಿದ ಜಾಹೀರಾತನ್ನು ಅರ್ಜಿಗೆ ಲಗತ್ತಿಸಿದವರೂ ಇದ್ದಾರೆ. ಸಂಕಟದಲ್ಲಿರುವವರು ಯಾವ ಬಾಗಿಲನ್ನಾದರೂ ತಟ್ಟುತ್ತಾರೆ, ಅವರನ್ನು ದೂರುವುದಿಲ್ಲ. ಆದರೆ ನಿಮ್ಮ ಹಣಕ್ಕೆ ಕಾವಲು ಕುಳಿತವನಾಗಿ ಒಂದೆರಡು ಮಾತು ಹೇಳಲೇಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2017ರಲ್ಲಿ ಹೊರತಂದ ಮಾರ್ಗಸೂಚಿ ಇದರ ಬಗ್ಗೆ ಖಚಿತವಾಗಿದೆ. ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆಯ ಕಸಿಯಂಥ ಒಪ್ಪಿತ ಚಿಕಿತ್ಸೆಗಳನ್ನು ಬಿಟ್ಟರೆ, ಉಳಿದ ಯಾವ ಕಾಂಡಕೋಶ ಚಿಕಿತ್ಸೆಯನ್ನೂ ಅನುಮತಿ ಪಡೆದ ಪ್ರಯೋಗದ ಹೊರಗೆ ಕೊಡುವಂತಿಲ್ಲ. ಪ್ರಯೋಗವಾದರೆ ಅದಕ್ಕೆ ಸಿಟಿಆರ್‌ಐ ಎಂಬ ರಾಷ್ಟ್ರೀಯ ದಾಖಲೆಯಲ್ಲಿ ನೋಂದಣಿ ಸಂಖ್ಯೆ ಇರಲೇಬೇಕು. ಆ ಸಂಖ್ಯೆ ಕೇಳಿ. ಕೊಡಲು ತಡಬಡಿಸಿದರೆ ಹೊರಗೆ ಬನ್ನಿ. ನಕಲಿ ಡ್ರಾಫ್ಟ್ ಹಿಡಿಯಲು ಮೊದಲು ನೋಡುವುದೂ ಸಂಖ್ಯೆಯನ್ನೇ ಅಲ್ಲವೇ?

ಸ್ನಾಯುವಿಗೆ ಕೋಶ ಚುಚ್ಚಿ ನೋಡಿಲ್ಲವೆಂದಲ್ಲ. ಡುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿ ಎಂಬ ಕಾಯಿಲೆ ಗಂಡುಮಕ್ಕಳನ್ನು ಹೆಚ್ಚಾಗಿ ಹಿಡಿಯುತ್ತದೆ. ಒಂದು ಪ್ರೋಟೀನಿನ ಕೊರತೆಯಿಂದ ಸ್ನಾಯು ದಿನವೂ ಹರಿಯುತ್ತದೆ, ಕಾಂಡಕೋಶಗಳು ದಿನವೂ ರಿಪೇರಿ ಮಾಡುತ್ತವೆ. ಎಂಬತ್ತು ವರ್ಷಕ್ಕೆ ಸಾಕಾಗಬೇಕಾದ ನಿಧಿ ಬಾಲ್ಯದಲ್ಲೇ ಸೋತುಹೋಗುತ್ತದೆ. 1990ರ ದಶಕದ ಆರಂಭದಲ್ಲಿ ಅಮೆರಿಕ, ಕೆನಡಾಗಳಲ್ಲಿ ಇಂಥ ಮಕ್ಕಳ ಸ್ನಾಯುವಿಗೆ ದಾನಿಗಳ ಸ್ನಾಯು ಕೋಶಗಳನ್ನು ಚುಚ್ಚಿದರು. ಚುಚ್ಚಿದ ಕೋಶಗಳಲ್ಲಿ ಹೆಚ್ಚಿನವು ಬೇಗ ಸತ್ತವು, ಉಳಿದವು ಸೂಜಿ ಚುಚ್ಚಿದ ಜಾಗ ಬಿಟ್ಟು ದೂರ ಹೋಗಲಿಲ್ಲ. ಶಕ್ತಿ ಹೆಚ್ಚಲಿಲ್ಲ. ಸಂಶೋಧನೆ ನಿಂತಿಲ್ಲ, ಮುಂದೆ ಒಳ್ಳೆಯ ಮದ್ದು ಬರಲಿ ಎಂದು ಹಾರೈಸೋಣ. ಆದರೆ ಇಂದು ಮಾರುಕಟ್ಟೆಯಲ್ಲಿ ಮಾರುವ ಇಂಜೆಕ್ಷನ್ನಿಗೆ ನಮ್ಮ ನಿಧಿಯಿಂದ ಹಣ ಕೊಡುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಇಂಥ ಮಕ್ಕಳಿರುವ ಕುಟುಂಬಗಳು ಮೊದಲು ತಿರುವನಂತಪುರದ ಎಸ್‌ಎಟಿ ಆಸ್ಪತ್ರೆಗೆ ಹೋಗಲಿ. ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ಅದು ಗೊತ್ತುಪಡಿಸಿದ ಕೇಂದ್ರ. ಅಲ್ಲಿಗೆ ಕರೆದೊಯ್ಯುವ ಖರ್ಚು, ಉಳಿಯುವ ಖರ್ಚು, ಇವಕ್ಕೆ ನಾವು ಖಂಡಿತ ನೆರವಾಗಬಹುದು.

ಕೆಲಸ ಮಾಡುವ ಮದ್ದು

ಹಾಗಾದರೆ ಮಲಗಿರುವ ಕೋಶವನ್ನು ಎಬ್ಬಿಸುವುದು ಯಾವುದು? ಉತ್ತರ ಸಾಮಾನ್ಯವಾದದ್ದು. ಭಾರ ಎತ್ತುವ ವ್ಯಾಯಾಮ ಮತ್ತು ಪ್ರೋಟೀನು.

1990ರಲ್ಲಿ ಬಾಸ್ಟನ್ನಿನ ವೈದ್ಯೆ ಮರಿಯಾ ಫಿಯಾಟರೋನ್ ಒಂದು ವೃದ್ಧಾಶ್ರಮದ ಹತ್ತು ಮಂದಿಗೆ ಎಂಟು ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿದರು. ಸರಾಸರಿ ವಯಸ್ಸು 90. ಕೊನೆಯವರೆಗೆ ಉಳಿದ ಒಂಬತ್ತು ಮಂದಿಯಲ್ಲಿ ತೊಡೆಯ ಶಕ್ತಿ ಸರಾಸರಿ ನೂರಕ್ಕೆ 174ರಷ್ಟು ಹೆಚ್ಚಿತು, ಅಂದರೆ ಎರಡೂವರೆ ಪಟ್ಟಿಗಿಂತ ಮೇಲೆ. ಅದೇ ಹೊತ್ತಿಗೆ ತೊಡೆಯ ಸ್ನಾಯು ದಪ್ಪವಾದದ್ದು ನೂರಕ್ಕೆ ಒಂಬತ್ತು ಮಾತ್ರ. ಇದರ ಅರ್ಥ, ಮೊದಲು ನರ ಮತ್ತು ಸ್ನಾಯುಗಳ ಹೊಂದಾಣಿಕೆ ಸುಧಾರಿಸುತ್ತದೆ, ಗಾತ್ರ ನಿಧಾನವಾಗಿ ಬರುತ್ತದೆ. ಕಾಲು ದಪ್ಪವಾಗಲಿಲ್ಲ ಎಂದು ಬಿಡಬೇಡಿ. ಕಾಂಡಕೋಶಗಳ ಲೆಕ್ಕವೂ ಇದೆ. ನೆದರ್ಲೆಂಡ್ಸಿನಲ್ಲಿ ಎಪ್ಪತ್ತು ದಾಟಿದ ಗಂಡಸರಿಗೆ ಹನ್ನೆರಡು ವಾರ ಭಾರದ ವ್ಯಾಯಾಮ ಮಾಡಿಸಿ ಸ್ನಾಯುವಿನ ತುಣುಕು ತೆಗೆದು ನೋಡಿದಾಗ, ಥಟ್ಟನೆ ಎಳೆಯುವ ಎಳೆಗಳಲ್ಲಿ ಕಾಂಡಕೋಶಗಳು ಹೆಚ್ಚಿದ್ದವು. 2009ರಲ್ಲಿ ಇದು ಪ್ರಕಟವಾಯಿತು. ಹೋಗಿದ್ದ ನಿಧಿಯ ಒಂದು ಭಾಗ ಮರಳಿ ಬಂತು.

ಮರೀನ್ ಡ್ರೈವಿನಲ್ಲಿ, ಕವಡಿಯಾರಿನಲ್ಲಿ, ಮ್ಯೂಸಿಯಂ ಆವರಣದಲ್ಲಿ ಬೆಳಿಗ್ಗೆ ನಡೆಯುವ ನಮ್ಮ ಸದಸ್ಯರಿಗೆ ನನ್ನ ಮೆಚ್ಚುಗೆ. ಹೃದಯಕ್ಕೆ, ಸಕ್ಕರೆಗೆ ನಡಿಗೆ ಒಳ್ಳೆಯದು. ಆದರೆ ಸ್ನಾಯುವಿಗೆ ನಡಿಗೆಯೊಂದೇ ಸಾಲದು. ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಜಿಮ್ಮಿಗೆ ಹೋಗಬೇಕಾಗಿಲ್ಲ. ಗಟ್ಟಿ ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು. ಗೋಡೆಗೆ ಕೈಯಿಟ್ಟು ತಳ್ಳುವುದು. ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು. ಒಂದು ಲೀಟರ್ ನೀರಿನ ಬಾಟಲಿ ಎತ್ತಿ ಇಳಿಸುವುದು. ಬಿಪಿ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿ ಶುರುಮಾಡಿ.

ಆಹಾರದ ಮಾತು. ವಯಸ್ಕರಿಗೆ ತೂಕದ ಒಂದು ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಎಂದು ಐಸಿಎಂಆರ್ 2020ರಲ್ಲಿ ನಿಗದಿ ಮಾಡಿದೆ. ಹಿರಿಯರಿಗೆ ಒಂದರಿಂದ 1.2 ಗ್ರಾಂ ಒಳ್ಳೆಯದು ಎಂದು ವೃದ್ಧರ ಪೋಷಣೆಯ ತಜ್ಞರು ಹೇಳುತ್ತಾರೆ. ಅರವತ್ತು ಕಿಲೋ ತೂಕದವರಿಗೆ ಅರವತ್ತರಿಂದ ಎಪ್ಪತ್ತು ಗ್ರಾಂ. ನಮ್ಮ ಹಿರಿಯರ ತಟ್ಟೆ ನೋಡಿ. ಬೆಳಿಗ್ಗೆ ಇಡ್ಲಿ ಎರಡು, ಮಧ್ಯಾಹ್ನ ಅನ್ನ ತಿಳಿಸಾರು, ರಾತ್ರಿ ಗಂಜಿ ಉಪ್ಪಿನಕಾಯಿ. ಇದರಲ್ಲಿ ಅರ್ಧವೂ ಸಿಗುವುದಿಲ್ಲ. ಕಾಯಿಲೆಯಿಂದ ಎದ್ದವರಿಗಂತೂ ಗಂಜಿಯೇ ಪಥ್ಯ. ಗಂಜಿ ಬಿಡಬೇಡಿ, ಕೇರಳದವರ ಹಾಗೆ ಜೊತೆಗೆ ಹೆಸರುಕಾಳು ಸೇರಿಸಿ. ಒಂದು ಬಟ್ಟಲು ಬೇಳೆಯಲ್ಲಿ ಆರೇಳು ಗ್ರಾಂ, ಒಂದು ಲೋಟ ಹಾಲಿನಲ್ಲಿ ಆರೇಳು, ಒಂದು ಮೊಟ್ಟೆಯಲ್ಲಿ ಆರು. ಮೀನು ತಿನ್ನುವವರಿಗೆ ಇಲ್ಲಿನ ಮತ್ತಿಗಿಂತ ಅಗ್ಗದ ಔಷಧಿ ಇಲ್ಲ. ಸಸ್ಯಾಹಾರಿಗಳಿಗೆ ಮೊಳಕೆಕಾಳು, ನೆಲಗಡಲೆ, ಮೊಸರು, ಪನೀರ್. ಮೂತ್ರಪಿಂಡದ ತೊಂದರೆಯಿದ್ದವರು ಮಾತ್ರ ವೈದ್ಯರನ್ನು ಕೇಳದೆ ಹೆಚ್ಚಿಸಬಾರದು.

ನಿಮ್ಮ ಖಾತೆಯ ಬಾಕಿ ಎಷ್ಟಿದೆ ಎಂದು ಮನೆಯಲ್ಲೇ ನೋಡಬಹುದು. ಎದೆಗೆ ಕೈಕಟ್ಟಿ ಕುರ್ಚಿಯಿಂದ ಐದು ಸಲ ಎದ್ದು ಕುಳಿತುಕೊಳ್ಳಿ. ಹನ್ನೆರಡು ಸೆಕೆಂಡು ಅಥವಾ ಹೆಚ್ಚು ಹಿಡಿದರೆ ವೈದ್ಯರಿಗೆ ಹೇಳಿ. ಇದು ಏಷ್ಯಾದ ತಜ್ಞರು 2019ರಲ್ಲಿ ಒಪ್ಪಿಕೊಂಡ ಅಳತೆ. ಜಪಾನಿನವರ ಇನ್ನೊಂದು ಪರೀಕ್ಷೆ ಇನ್ನೂ ಸುಲಭ. ಎರಡೂ ಕೈಯ ಹೆಬ್ಬೆರಳು ಮತ್ತು ತೋರುಬೆರಳು ಸೇರಿಸಿ ಮೀನಖಂಡದ ದಪ್ಪ ಭಾಗಕ್ಕೆ ಬಳೆಯಂತೆ ಹಿಡಿಯಿರಿ. ಬಳೆ ಸಡಿಲವಾಗಿ ನಡುವೆ ಜಾಗ ಉಳಿದರೆ ಸ್ನಾಯು ಕಡಿಮೆಯಾಗಿರುವ ಸಂಭವ ಹೆಚ್ಚು.

ನಿಧಿಗೆ ನನ್ನ ಸಲಹೆ

ಎರಡು ಕಡತಗಳ ಮಾತು ಹೇಳುತ್ತೇನೆ, ಹೆಸರು ಹೇಳುವುದಿಲ್ಲ. ಇಬ್ಬರೂ ಎಪ್ಪತ್ತೈದು ದಾಟಿದ ಹೆಂಗಸರು, ಇಬ್ಬರಿಗೂ ಸೊಂಟದ ಮೂಳೆಯ ಶಸ್ತ್ರಚಿಕಿತ್ಸೆ, ಇಬ್ಬರಿಗೂ ನಮ್ಮಿಂದ ಒಂದೇ ಮೊತ್ತ. ಒಬ್ಬರ ಮಗಳು ರಜೆ ಹಾಕಿ ಮೂರು ತಿಂಗಳು ಜೊತೆಗಿದ್ದು, ಫಿಸಿಯೋಥೆರಪಿಸ್ಟರನ್ನು ಮನೆಗೆ ಕರೆಸಿದರು. ಅವರು ಈಗ ಕೋಲು ಹಿಡಿದು ದೇವಸ್ಥಾನಕ್ಕೆ ಹೋಗುತ್ತಾರೆ. ಇನ್ನೊಬ್ಬರ ಮನೆಯಲ್ಲಿ ಹಗಲು ಯಾರೂ ಇಲ್ಲ, ಒಂದು ಭೇಟಿಗೆ ಕೆಲವು ನೂರು ರೂಪಾಯಿ ಕೊಡುವ ಶಕ್ತಿ ಇಲ್ಲ, ಬಂದವರ ಭಾಷೆ ತಿಳಿಯದು. ನಾಲ್ಕೇ ಭೇಟಿಗೆ ನಿಂತುಹೋಯಿತು. ಅವರು ಮತ್ತೆ ನಡೆಯಲಿಲ್ಲ. ಎರಡು ಕಡತಗಳಿಂದ ನಿಯಮ ಮಾಡಲಾಗದು, ಅವರ ಕಾಯಿಲೆಗಳೂ ಬೇರೆ ಇದ್ದಿರಬಹುದು. ಆದರೆ ಇಷ್ಟು ಹೊತ್ತು ಹೇಳಿದ ವಿಜ್ಞಾನದೊಂದಿಗೆ ಇದು ಹೊಂದುತ್ತದೆ.

ಕೊಚ್ಚಿಯ ಅಮೃತ ಆಸ್ಪತ್ರೆಯಲ್ಲಿ 2015ರ ಜನವರಿಯಲ್ಲಿ ದೇಶದ ಮೊದಲ ಜೋಡಿ ಕೈ ಕಸಿ ನಡೆದದ್ದು ನಿಮಗೆ ನೆನಪಿರಬಹುದು. ಪತ್ರಿಕೆಗಳೆಲ್ಲ ಶಸ್ತ್ರಚಿಕಿತ್ಸೆಯನ್ನು ಬರೆದವು. ಆದರೆ ಹೊಸ ಕೈ ಆಡಬೇಕಾದರೆ ನರ ಬೆಳೆದು ಸ್ನಾಯುವನ್ನು ಮುಟ್ಟಬೇಕು. ನರ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಅಷ್ಟು ದಿನವೂ ಸ್ನಾಯುವನ್ನು ಜೀವಂತವಾಗಿಡುವುದು ದಿನದಿನದ ಫಿಸಿಯೋಥೆರಪಿ. ಅಷ್ಟು ದೊಡ್ಡ ಚಿಕಿತ್ಸೆಗೆ ಅದು ಬೇಕಾದರೆ ನಮ್ಮ ಅಜ್ಜಿಯ ಸೊಂಟಕ್ಕೆ ಬೇಡವೇ?

ಆದ್ದರಿಂದ ಮೂರು ಸಲಹೆಗಳನ್ನು ಸಮಿತಿಯ ಮುಂದೆ ಇಟ್ಟಿದ್ದೇನೆ.

ಒಂದು, ಅರವತ್ತು ದಾಟಿದವರಿಗೆ ಶಸ್ತ್ರಚಿಕಿತ್ಸೆಯ ನೆರವು ಮಂಜೂರು ಮಾಡುವಾಗಲೇ ಒಂದು ಭಾಗವನ್ನು ಮುಂದಿನ ಮೂರು ತಿಂಗಳ ಆರೈಕೆಗೆ ತೆಗೆದಿಡುವುದು. ಫಿಸಿಯೋಥೆರಪಿಸ್ಟರ ಭೇಟಿ, ವಾಕರ್, ಬಚ್ಚಲಿಗೆ ಹಿಡಿಕೆ, ಹಾಲು ಮೊಟ್ಟೆ ಬೇಳೆಯ ಖರ್ಚು. ಹಣ ಕೈಗೆ ಕೊಡುವುದಲ್ಲ, ರಸೀದಿಯ ಮೇಲೆ ಕಂತುಕಂತಾಗಿ ಬಿಡುಗಡೆ. ವರ್ಷದ ಲೆಕ್ಕದಲ್ಲಿ ಅದನ್ನು ಪ್ರತ್ಯೇಕ ಶೀರ್ಷಿಕೆಯಲ್ಲಿ ತೋರಿಸಲಾಗುವುದು.

ಎರಡು, ವಾಕರ್, ವೀಲ್‌ಚೇರ್, ಕಮೋಡ್ ಕುರ್ಚಿಗಳ ಒಂದು ಸಂಗ್ರಹ. ನಿಮ್ಮಲ್ಲಿ ಅನೇಕರ ಅಟ್ಟದ ಮೇಲೆ ಇವು ಸುಮ್ಮನೆ ಬಿದ್ದಿವೆ. ಒರೆಸಿ ತಂದುಕೊಡಿ, ಬೇಕಾದವರಿಗೆ ಎರವಲು ಕೊಡುತ್ತೇವೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಮೂರನೆಯದು ಹಣದ ಮಾತೇ ಅಲ್ಲ. ಆಗಲೇ ಹೇಳಿದ ದಾವಣಗೆರೆ, ಹಾಸನದ ತಂದೆ ತಾಯಂದಿರನ್ನು ನೆನೆಯಿರಿ. ಫಿಸಿಯೋಥೆರಪಿಸ್ಟ್ ಮಲಯಾಳದಲ್ಲಿ ಇರಿಕ್ಕೂ ಎನ್ನುತ್ತಾರೆ, ಕುಳಿತುಕೊಳ್ಳಿ ಎಂದು. ನಮ್ಮ ಅಜ್ಜಿಗೆ ಕೇಳಿಸುವುದು ಇರಿ ಎಂದು. ಹಾಗೇ ನಿಂತಿರುತ್ತಾರೆ. ಎಲ್ಲಿ ನೋವು, ಎಷ್ಟು ನೋವು ಎಂದು ಹೇಳಲು ಬಾಯಿಯಿಲ್ಲ. ಹೆದರಿ ವ್ಯಾಯಾಮವನ್ನೇ ಬಿಡುತ್ತಾರೆ. ಇಲ್ಲಿ ಎರಡೂ ಭಾಷೆ ಬಲ್ಲ ನಿವೃತ್ತರು ನಾವು ಎಷ್ಟೊಂದು ಜನ ಇದ್ದೇವೆ! ವಾರಕ್ಕೆ ಎರಡು ಗಂಟೆ ಕೊಡಬಲ್ಲವರು ಹೆಸರು ಬರೆಸಿ. ವ್ಯಾಯಾಮದ ಹೊತ್ತಿಗೆ ಜೊತೆಗೆ ಕುಳಿತು ಎರಡೂ ಕಡೆಯ ಮಾತು ದಾಟಿಸಿದರೆ ಸಾಕು. ಕನ್ನಡ ಸಂಘ ಮಾತ್ರ ಮಾಡಬಲ್ಲ ಸೇವೆ ಇದು. ಕೇರಳದಲ್ಲಿ ಸ್ಥಳೀಯ ಸಂಸ್ಥೆಗಳ ಮೂಲಕ ಮನೆಗೇ ಬರುವ ಪ್ಯಾಲಿಯೇಟಿವ್ ಆರೈಕೆಯ ವ್ಯವಸ್ಥೆ ಇದೆ, 2008ರಿಂದ ಸರ್ಕಾರದ ನೀತಿಯೇ ಆಗಿದೆ. ಹಾಸಿಗೆ ಹಿಡಿದವರ ಹೆಸರನ್ನು ವಾರ್ಡಿನ ಘಟಕದಲ್ಲಿ ಬರೆಸಲು ಸಹ ನಮ್ಮವರಿಗೆ ಭಾಷೆಯೇ ಅಡ್ಡಿ. ಅದಕ್ಕೂ ಈ ಸ್ವಯಂಸೇವಕರು ನೆರವಾಗಲಿ.

ದಾನಿಗಳಲ್ಲಿ ಒಂದು ಬಿನ್ನಹ. ಹೃದಯದ ಶಸ್ತ್ರಚಿಕಿತ್ಸೆಗೆ, ಡಯಾಲಿಸಿಸ್‌ಗೆ ಎಂದರೆ ನೀವು ಉದಾರವಾಗಿ ಕೊಡುತ್ತೀರಿ. ಮೂರು ತಿಂಗಳ ವ್ಯಾಯಾಮಕ್ಕೆ, ಬೇಳೆ ಹಾಲಿಗೆ ಎಂದರೆ ಕೇಳಲು ಅಷ್ಟು ತುರ್ತು ಅನ್ನಿಸದು. ಆದರೆ ಎಳೆಯರ ಸ್ನಾಯು ತಾನಾಗಿ ಎದ್ದು ನಿಲ್ಲುತ್ತದೆ, ಹಿರಿಯರ ಸ್ನಾಯುವನ್ನು ಯಾರಾದರೂ ಕೈಹಿಡಿದು ಎಬ್ಬಿಸಬೇಕು, ಅದೂ ಮೊದಲ ಕೆಲವು ವಾರಗಳಲ್ಲಿ. ಆ ವಾರಗಳು ಕಳೆದ ಮೇಲೆ ಕೊಟ್ಟ ಹಣಕ್ಕೆ ಅಷ್ಟೇ ಫಲ ಸಿಗುವುದಿಲ್ಲ. ಈ ಬಾರಿಯ ಮನವಿ ಪತ್ರದಲ್ಲಿ ಚಿಕಿತ್ಸೋತ್ತರ ಆರೈಕೆ ಎಂಬ ಹೊಸ ಸಾಲು ಇದೆ. ಅದರ ಮುಂದೆ ನಿಮ್ಮ ಶಕ್ತ್ಯನುಸಾರ ಒಂದು ಮೊತ್ತ ಬರೆಯಿರಿ. ಹಣ ಸಾಧ್ಯವಾಗದವರು ಎರಡು ಗಂಟೆ ಸಮಯ ಬರೆಯಿರಿ. ಎರಡನ್ನೂ ನಾವು ಒಂದೇ ಪುಸ್ತಕದಲ್ಲಿ ಜಮಾ ಮಾಡುತ್ತೇವೆ.

ಬಹಳ ಹೊತ್ತು ಕುಳಿತಿದ್ದೀರಿ. ಈಗ ಎಲ್ಲರೂ ಕುರ್ಚಿಯ ಕೈ ಹಿಡಿಯದೆ ಎದ್ದು ಊಟಕ್ಕೆ ಬನ್ನಿ.